ಬಾಲನ್ಯಾಯ ಮತ್ತು ಸಮುದಾಯದ ಆಸರೆ: ಚಿಕ್ಕಜಾಲ ಹಾಗೂ ಉತ್ತರ ಬೆಂಗಳೂರು

ಹದಿನೆಂಟು ತುಂಬದ ಹುಡುಗ ಅಥವಾ ಹುಡುಗಿಯ ಮೇಲೆ ಅಪರಾಧದ ಆರೋಪ ಬಂದಾಗ, ಆ ಮಗುವನ್ನು ಮನೆ, ಶಾಲೆ ಮತ್ತು ಊರಿನ ನಡುವೆಯೇ ಉಳಿಸಿಕೊಂಡು ತಿದ್ದುವ, ಓದಿಸುವ, ಕಸುಬು ಕಲಿಸುವ ಏರ್ಪಾಡುಗಳಿಗೆ ಬಾಲನ್ಯಾಯದ ಸಮುದಾಯ ಕಾರ್ಯಕ್ರಮಗಳು ಎಂದು ಹೆಸರು. ಪರಿವೀಕ್ಷಣೆ, ಆಪ್ತಸಮಾಲೋಚನೆ, ಸಮುದಾಯ ಸೇವೆ, ವ್ಯಸನಮುಕ್ತಿ ಚಿಕಿತ್ಸೆ, ಮುಕ್ತ ಶಾಲೆಯ ಓದು, ವೃತ್ತಿ ತರಬೇತಿ, ಗೃಹದಿಂದ ಹೊರಬಂದ ಮೇಲಿನ ಅನುಪಾಲನೆ ಇವುಗಳ ಮುಖ್ಯ ಬಗೆಗಳು. ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ದಾರಿ ಎಂದು ಭಾರತದ ಬಾಲನ್ಯಾಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಈ ಕಾರ್ಯಕ್ರಮಗಳು ವ್ಯವಸ್ಥೆಯ ಅಂಚಿನ ಅಲಂಕಾರಗಳಲ್ಲ. ಕಾಯ್ದೆ ನಿಂತಿರುವುದೇ ಅವುಗಳ ಮೇಲೆ. ಬೆಂಗಳೂರು ನಗರ ಜಿಲ್ಲೆಯ ಉತ್ತರ ಭಾಗದಲ್ಲಿ, ವಿಮಾನ ನಿಲ್ದಾಣದ ಹಾದಿಯಲ್ಲಿರುವ ಚಿಕ್ಕಜಾಲ ಮತ್ತು ಅದರ ಸುತ್ತಲಿನ ಹಳ್ಳಿಗಳನ್ನು ಕಣ್ಣಮುಂದೆ ಇಟ್ಟುಕೊಂಡು ಈ ಕಾರ್ಯಕ್ರಮಗಳ ಹಿನ್ನೆಲೆ, ಕಾನೂನು, ನಡೆ ಮತ್ತು ಕೊರತೆಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಮಕ್ಕಳಿಗೆಂದೇ ಪ್ರತ್ಯೇಕ ನ್ಯಾಯಾಲಯ ಮೊದಲು ಸ್ಥಾಪನೆಯಾದದ್ದು ಅಮೆರಿಕದ ಷಿಕಾಗೊದಲ್ಲಿ, 1899ರಲ್ಲಿ. ಭಾರತದಲ್ಲಿ ಅದಕ್ಕೂ ಮೊದಲು, 1897ರ ಸುಧಾರಣಾ ಶಾಲೆಗಳ ಕಾಯ್ದೆ ಬಾಲಕರನ್ನು ಜೈಲಿನ ಬದಲು ಸುಧಾರಣಾ ಶಾಲೆಗೆ ಕಳುಹಿಸಲು ದಾರಿ ಮಾಡಿತ್ತು. ಆದರೆ ಆ ಶಾಲೆಗಳ ಶಿಸ್ತೂ ಗೋಡೆಗಳೂ ಜೈಲಿಗೆ ಹತ್ತಿರವಾಗಿದ್ದವು. 1919–20ರ ಭಾರತೀಯ ಕಾರಾಗೃಹ ಸಮಿತಿ ಮಕ್ಕಳನ್ನು ವಯಸ್ಕ ಕೈದಿಗಳಿಂದ ಬೇರೆ ಇಡಬೇಕೆಂದು ಒತ್ತಿ ಹೇಳಿದ ಮೇಲೆ ಪ್ರಾಂತ್ಯಗಳು ಒಂದೊಂದಾಗಿ ಕಾನೂನು ಮಾಡಿದವು: ಮದ್ರಾಸು 1920ರಲ್ಲಿ, ಬಂಗಾಳ 1922ರಲ್ಲಿ, ಬಾಂಬೆ 1924ರಲ್ಲಿ.

ಇಂದಿನ ಕರ್ನಾಟಕದ ಭಾಗಗಳು ಆಗ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರಿಂದ ಒಂದೇ ಭಾಷೆಯಾಡುವ ಮಕ್ಕಳಿಗೆ ಬೇರೆ ಬೇರೆ ಕಾನೂನು ಅನ್ವಯವಾಗುತ್ತಿತ್ತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದ್ರಾಸು ಪ್ರಾಂತ್ಯದಲ್ಲಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ ಬಾಂಬೆಯ ಆಡಳಿತದಲ್ಲಿದ್ದವು. ಧಾರವಾಡದಲ್ಲಿ ಹದಿಹರೆಯದ ಅಪರಾಧಿಗಳಿಗಾಗಿ ಬೋರ್ಸ್ಟಲ್ ಶಾಲೆ ನಡೆಯುತ್ತಿತ್ತು. 1956ರ ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಅನ್ವಯಿಸುವ ಮಕ್ಕಳ ಕಾಯ್ದೆ 1964ರಲ್ಲಿ ಬಂತು. ಜನರ ಬಾಯಲ್ಲಿ ಇಂದಿಗೂ ಉಳಿದಿರುವ ‘ರಿಮ್ಯಾಂಡ್ ಹೋಮ್’ ಎಂಬ ಹೆಸರು ಆ ಕಾಲದ್ದು.

ದೇಶಕ್ಕೆಲ್ಲ ಒಂದೇ ಕಾನೂನಾಗಿ ಬಾಲನ್ಯಾಯ ಕಾಯ್ದೆ 1986ರಲ್ಲಿ ಬಂತು. ಅದರಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ವರ್ಷದ ಮಿತಿ ಇತ್ತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರ ಡಿಸೆಂಬರ್ 11ರಂದು ಒಪ್ಪಿಗೆ ನೀಡಿದ ಮೇಲೆ ಆ ಕಾಯ್ದೆಯನ್ನು ಬದಲಿಸುವುದು ಅನಿವಾರ್ಯವಾಯಿತು. 2001ರ ಏಪ್ರಿಲ್ 1ರಂದು ಜಾರಿಯಾದ ಹೊಸ ಕಾಯ್ದೆ ಎಲ್ಲ ಮಕ್ಕಳಿಗೂ 18ರ ಮಿತಿಯನ್ನು ತಂದಿತು. ಮ್ಯಾಜಿಸ್ಟ್ರೇಟರ ಪಕ್ಕದಲ್ಲಿ ಇಬ್ಬರು ಸಾಮಾಜಿಕ ಕಾರ್ಯಕರ್ತರನ್ನು ಕೂರಿಸಿ ನ್ಯಾಯಾಲಯದ ಸ್ಥಾನದಲ್ಲಿ ಬಾಲನ್ಯಾಯ ಮಂಡಳಿಯನ್ನು ರಚಿಸಿತು. 2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರದಲ್ಲಿ ಹದಿನೇಳರ ಹುಡುಗನೊಬ್ಬನೂ ಇದ್ದದ್ದು ದೇಶವನ್ನು ಕೆರಳಿಸಿತು. ಆ ಚರ್ಚೆಯ ನಂತರ ಬಂದ 2015ರ ಕಾಯ್ದೆ 2016ರ ಜನವರಿ 15ರಂದು ಜಾರಿಯಾಯಿತು. ಘೋರ ಅಪರಾಧದ ಆರೋಪ ಹೊತ್ತ 16ರಿಂದ 18ರ ವಯಸ್ಸಿನವರನ್ನು ವಯಸ್ಕರಂತೆ ವಿಚಾರಿಸಲು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸುವ ಅವಕಾಶ ಅದರಲ್ಲಿದೆ. ಸಾರ್ವಜನಿಕ ಚರ್ಚೆ ಈ ಒಂದು ಅಂಶದ ಸುತ್ತಲೇ ಸುತ್ತಿತು. ಉಳಿದ ಬಹುಪಾಲು ಮಕ್ಕಳಿಗಾಗಿ ಅದೇ ಕಾಯ್ದೆ ಬರೆದಿರುವ ಸಮುದಾಯದ ದಾರಿಗಳು ಚರ್ಚೆಗೆ ಬಂದದ್ದು ಕಡಿಮೆ.

ಕಾನೂನಿನ ಚೌಕಟ್ಟು

2015ರ ಕಾಯ್ದೆಯ 3ನೇ ಕಲಂ ಹದಿನಾರು ಮೂಲತತ್ತ್ವಗಳನ್ನು ಪಟ್ಟಿ ಮಾಡುತ್ತದೆ. ಮಗು ನಿರ್ದೋಷಿ ಎಂಬ ಭಾವನೆ, ಮಗುವಿನ ಹಿತ, ಕುಟುಂಬದ ಹೊಣೆ, ಕಳಂಕ ಹಚ್ಚದ ಭಾಷೆ, ಗೋಪ್ಯತೆ, ಸಂಸ್ಥೆಯ ವಾಸ ಕೊನೆಯ ಆಯ್ಕೆ, ಹೊಸ ಬದುಕಿನ ಆರಂಭ, ನ್ಯಾಯಾಂಗ ಪ್ರಕ್ರಿಯೆಯಿಂದ ಆಚೆಗೆ ತಿರುಗಿಸುವ ಪ್ರಯತ್ನ ಇವುಗಳಲ್ಲಿ ಮುಖ್ಯವಾದವು. ‘ಬಾಲಾಪರಾಧಿ’ ಎಂಬ ಹಳೆಯ ಪದವನ್ನು ಬಿಟ್ಟು ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎನ್ನುವ ರೂಢಿ ಈ ತತ್ತ್ವಗಳಿಂದಲೇ ಬಂದಿದೆ.

ಅಪರಾಧಗಳನ್ನು ಸಣ್ಣ, ಗಂಭೀರ, ಘೋರ ಎಂದು ಮೂರಾಗಿ ವಿಂಗಡಿಸಲಾಗಿದೆ. ಗರಿಷ್ಠ ಮೂರು ವರ್ಷದ ಶಿಕ್ಷೆ ಇರುವಂಥವು ಸಣ್ಣ ಅಪರಾಧಗಳು, ಕನಿಷ್ಠ ಏಳು ವರ್ಷದ ಶಿಕ್ಷೆ ಇರುವಂಥವು ಘೋರ, ನಡುವಿನವು ಗಂಭೀರ. ವಿಚಾರಣೆಯನ್ನು ನಾಲ್ಕು ತಿಂಗಳಲ್ಲಿ ಮುಗಿಸಬೇಕು, ಬೇಕಾದರೆ ಇನ್ನೆರಡು ತಿಂಗಳು ವಿಸ್ತರಿಸಬಹುದು. ಸಣ್ಣ ಅಪರಾಧದ ವಿಚಾರಣೆ ಆ ಹೊತ್ತಿಗೂ ಮುಗಿಯದಿದ್ದರೆ ಪ್ರಕರಣವನ್ನೇ ಕೈಬಿಡಬೇಕು.

ತಪ್ಪು ಸಾಬೀತಾದ ಮೇಲೆ ಮಂಡಳಿ ಏನೇನು ಆದೇಶಿಸಬಹುದು ಎಂಬುದು 18ನೇ ಕಲಂನಲ್ಲಿದೆ. ಬುದ್ಧಿ ಹೇಳಿ ಮನೆಗೆ ಕಳಿಸುವುದು, ಗುಂಪು ಸಮಾಲೋಚನೆಗೆ ಹಾಜರಾಗುವಂತೆ ಹೇಳುವುದು, ಸಮುದಾಯ ಸೇವೆ, ದಂಡ, ತಂದೆ-ತಾಯಿ ಅಥವಾ ಯೋಗ್ಯ ವ್ಯಕ್ತಿಯ ಜವಾಬ್ದಾರಿಯಲ್ಲಿ ಪರಿವೀಕ್ಷಣೆಯ ಮೇಲೆ ಬಿಡುಗಡೆ, ಯೋಗ್ಯ ಸಂಸ್ಥೆಯ ಆಸರೆಯಲ್ಲಿ ಬಿಡುಗಡೆ, ಕಟ್ಟಕಡೆಗೆ ವಿಶೇಷ ಗೃಹದಲ್ಲಿ ಗರಿಷ್ಠ ಮೂರು ವರ್ಷದ ವಾಸ. ಇವುಗಳ ಜೊತೆಗೆ ಶಾಲೆಗೆ ಹೋಗಬೇಕು, ವೃತ್ತಿ ತರಬೇತಿ ಪಡೆಯಬೇಕು, ಚಿಕಿತ್ಸೆಗೆ ಹಾಜರಾಗಬೇಕು, ಇಂಥ ಜಾಗಕ್ಕೆ ಕಾಲಿಡಬಾರದು ಎಂಬ ಷರತ್ತುಗಳನ್ನೂ ಮಂಡಳಿ ಸೇರಿಸಬಹುದು. ಏಳು ಆಯ್ಕೆಗಳಲ್ಲಿ ವಿಶೇಷ ಗೃಹ ಬಿಟ್ಟರೆ ಉಳಿದವೆಲ್ಲ ಮಗು ಸಮಾಜದ ನಡುವೆ ಇದ್ದುಕೊಂಡೇ ಪಾಲಿಸಬೇಕಾದ ಆದೇಶಗಳು. ಊರಿನಲ್ಲಿ ಅವನ್ನು ನಡೆಸಿಕೊಡುವವರು ಇಲ್ಲದಿದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ.

ಗೋಪ್ಯತೆಗೆ ಕಾಯ್ದೆ ಕಟ್ಟುನಿಟ್ಟಿನ ರಕ್ಷಣೆ ಕೊಟ್ಟಿದೆ. 74ನೇ ಕಲಂ ಪ್ರಕಾರ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸುವಂತಿಲ್ಲ. ಕೆಲವು ಘೋರ ಪ್ರಕರಣಗಳನ್ನು ಬಿಟ್ಟರೆ, ಒಮ್ಮೆ ತಪ್ಪಿತಸ್ಥನೆನಿಸಿದ್ದು ಮುಂದೆ ಉದ್ಯೋಗಕ್ಕೋ ಬೇರೆ ಅವಕಾಶಕ್ಕೋ ಅಡ್ಡಿಯಾಗಬಾರದು ಎಂದು 24ನೇ ಕಲಂ ಹೇಳುತ್ತದೆ. ದಾಖಲೆಗಳನ್ನು ಅವಧಿ ಮುಗಿದ ಮೇಲೆ ನಾಶಪಡಿಸಬೇಕು. ಊರವರು ಮೊಬೈಲಿನಲ್ಲಿ ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ ಗುಂಪಿಗೆ ಹಾಕುವುದೂ ಈ ನಿಷೇಧಕ್ಕೆ ಒಳಪಡುತ್ತದೆ.

ಚಿಕ್ಕಜಾಲದ ಪರಿಸರ

ಚಿಕ್ಕಜಾಲ ಯಲಹಂಕ ಕಡೆಯ ಜಾಲ ಹೋಬಳಿಯ ಊರು. ಬೆಂಗಳೂರಿನಿಂದ ದೇವನಹಳ್ಳಿಯ ಕಡೆಗೆ ಸಾಗುವ ಬಳ್ಳಾರಿ ರಸ್ತೆಯ ಮೇಲಿದೆ. ಹಳೆಯ ಕೋಟೆಯ ಅವಶೇಷಗಳು ಇಂದಿಗೂ ಕಾಣುತ್ತವೆ. ದೊಡ್ಡಜಾಲ, ಬೆಟ್ಟಹಲಸೂರು, ಸಾದಹಳ್ಳಿ, ಹುಣಸಮಾರನಹಳ್ಳಿ, ಬಾಗಲೂರು ಸುತ್ತಲಿನ ಊರುಗಳು. ರಾಗಿ, ದ್ರಾಕ್ಷಿ, ರೇಷ್ಮೆ, ಹೂವುಗಳ ಸೀಮೆಯಾಗಿದ್ದ ಈ ಭಾಗಕ್ಕೆ 2008ರ ಮೇ 24ರಂದು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಕಾರ್ಯಾರಂಭ ಹೊಸ ಚಹರೆ ಕೊಟ್ಟಿತು. ಹೊಲಗಳು ಲೇಔಟುಗಳಾದವು, ಗೋದಾಮು, ಹೋಟೆಲು, ಟ್ಯಾಕ್ಸಿ ನಿಲ್ದಾಣ, ಅಪಾರ್ಟ್‌ಮೆಂಟುಗಳು ಎದ್ದವು. ಬೆಟ್ಟಹಲಸೂರಿನ ಕಲ್ಲುಕ್ವಾರಿಗಳಲ್ಲೂ ಕಟ್ಟಡದ ಕೆಲಸಗಳಲ್ಲೂ ದುಡಿಯಲು ದೂರದ ಜಿಲ್ಲೆಗಳಿಂದ, ಹೊರರಾಜ್ಯಗಳಿಂದ ಕುಟುಂಬಗಳು ಬಂದು ಶೆಡ್ಡುಗಳಲ್ಲಿ ನೆಲೆಸಿದವು.

ಇಂಥ ಬದಲಾವಣೆ ಹದಿಹರೆಯದವರ ಮೇಲೆ ಬೀಳುವ ಬಗೆ ಬೇರೆ. ಜಮೀನು ಮಾರಿದ ಮನೆಯಲ್ಲಿ ಒಮ್ಮೆಗೇ ಬಂದ ಹಣವಿರುತ್ತದೆ, ಮುಂದಿನ ತಲೆಮಾರಿನ ಕೈಗೆ ಕಸುಬಿರುವುದಿಲ್ಲ. ಶೆಡ್ಡಿನ ಮನೆಯಲ್ಲಿ ಅಪ್ಪ-ಅಮ್ಮ ಇಬ್ಬರೂ ಬೆಳಗಾಗುವ ಮೊದಲೇ ಕೆಲಸಕ್ಕೆ ಹೊರಡುತ್ತಾರೆ. ಕಟ್ಟಡ ಮುಗಿದಂತೆ ಊರು ಬದಲಾಗುತ್ತದೆ, ಅದರೊಂದಿಗೆ ಶಾಲೆಯೂ. ಕಡ್ಡಾಯ ಶಿಕ್ಷಣದ ಹಕ್ಕು 14 ವರ್ಷಕ್ಕೆ ಮುಗಿಯುವುದರಿಂದ, ಎಂಟನೇ ತರಗತಿಯ ಆಚೆಗೆ ಶಾಲೆ ಬಿಟ್ಟವರನ್ನು ಕರೆತರುವ ಕಾನೂನಿನ ಬಲವೂ ಸಡಿಲ. ವಾಟರ್ ಸರ್ವಿಸ್, ಪಂಕ್ಚರ್ ಅಂಗಡಿ, ಬೇಕರಿ, ಗಾರೆ ಕೆಲಸಕ್ಕೆ ಸೇರಿದ ಹುಡುಗನಿಗೆ ಅಲ್ಲಿನ ದೊಡ್ಡವರೇ ಗೆಳೆಯರು. ಬೈಕ್ ಕಳವು, ಮೊಬೈಲ್ ಕಸಿಯುವುದು, ಹೊಡೆದಾಟ, ಗಾಂಜಾ, ಬಳ್ಳಾರಿ ರಸ್ತೆಯ ನುಣುಪಿನ ಮೇಲೆ ವೀಲಿಂಗ್, ಇವೆಲ್ಲ ವಯಸ್ಕರ ಗುಂಪಿನ ಬಾಲದಲ್ಲಿ ಸಿಕ್ಕಿಬೀಳುವ ಹುಡುಗರ ಪ್ರಕರಣಗಳು. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಅಪ್ರಾಪ್ತರಿಗೆ ಗಾಡಿ ಕೊಟ್ಟ ಪಾಲಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಆಗಬಹುದು. ಹುಡುಗನ ವಿಚಾರಣೆ ಮಾತ್ರ ಬಾಲನ್ಯಾಯ ಕಾಯ್ದೆಯಡಿಯೇ ನಡೆಯುತ್ತದೆ.

ಸಂಖ್ಯೆಯ ದೃಷ್ಟಿಯಿಂದ ಇದು ಸಮಾಜ ಭಯಪಡಬೇಕಾದಷ್ಟು ದೊಡ್ಡದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ 58 ಲಕ್ಷಕ್ಕೂ ಹೆಚ್ಚು ಅಪರಾಧ ಪ್ರಕರಣಗಳಲ್ಲಿ ಮಕ್ಕಳ ಮೇಲಿನ ಆರೋಪದವು 30,555. ನೂರಕ್ಕೆ ಒಂದೂ ಆಗುವುದಿಲ್ಲ. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು 16ರಿಂದ 18ರ ನಡುವಿನವರು, ತಂದೆ-ತಾಯಿಯ ಜೊತೆಗೆ ಮನೆಯಲ್ಲೇ ಇದ್ದವರು. ಅಂದರೆ ಕೆಲಸ ನಡೆಯಬೇಕಾದ ಜಾಗ ಮನೆ ಮತ್ತು ಬೀದಿ.

ಠಾಣೆಯಿಂದ ಮಂಡಳಿಯವರೆಗೆ

ಚಿಕ್ಕಜಾಲದಲ್ಲಿ ಬೆಂಗಳೂರು ನಗರ ಪೊಲೀಸರ ಠಾಣೆಯಿದೆ. ಪ್ರತಿ ಠಾಣೆಯಲ್ಲೂ ಸಹಾಯಕ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯಾಗಿರಬೇಕು; ಅವರೆಲ್ಲರ ಮೇಲ್ವಿಚಾರಣೆಗೆ ವಿಶೇಷ ಮಕ್ಕಳ ಪೊಲೀಸ್ ಘಟಕ. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೈಕೋಳ ಹಾಕುವಂತಿಲ್ಲ. 24 ಗಂಟೆಗಳೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧ ಅಥವಾ ವಯಸ್ಕರ ಜೊತೆಗೂಡಿ ಮಾಡಿದ ಅಪರಾಧ ಅಲ್ಲದಿದ್ದರೆ ಎಫ್‌ಐಆರ್ ದಾಖಲಿಸುವ ಬದಲು ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ ಸಿದ್ಧಪಡಿಸಿದರೆ ಸಾಕು. ಸಣ್ಣ ಮತ್ತು ಗಂಭೀರ ಅಪರಾಧಗಳಲ್ಲಿ ಮಗುವಿನ ಹಿತಕ್ಕೆ ಅಗತ್ಯವಾದಾಗ ಮಾತ್ರ ವಶಕ್ಕೆ ತೆಗೆದುಕೊಳ್ಳಬೇಕು.

ಮುಂದಿನ ಮೆಟ್ಟಿಲು ಬಾಲನ್ಯಾಯ ಮಂಡಳಿ. ಮಂಡಳಿಯ ಇಬ್ಬರು ಸಾಮಾಜಿಕ ಕಾರ್ಯಕರ್ತ ಸದಸ್ಯರಲ್ಲಿ ಒಬ್ಬರು ಮಹಿಳೆ ಇರಲೇಬೇಕು. ಇಬ್ಬರಿಗೂ ಮಕ್ಕಳ ಕ್ಷೇತ್ರದಲ್ಲಿ ಕನಿಷ್ಠ ಏಳು ವರ್ಷದ ಅನುಭವ ಇರಬೇಕು, ಇಲ್ಲವೇ ಅವರು ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿ ಪಡೆದ ವೃತ್ತಿನಿರತರಾಗಿರಬೇಕು. ಎತ್ತರದ ಪೀಠ, ಕಟಕಟೆ ಇರಬಾರದು. ಜಾಮೀನು ಸಾಮಾನ್ಯ ನಿಯಮ. ಬಿಟ್ಟರೆ ಮಗು ಕೆಟ್ಟ ಸಹವಾಸಕ್ಕೆ ಬೀಳುತ್ತದೆ, ಅಪಾಯಕ್ಕೆ ಸಿಲುಕುತ್ತದೆ ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಎನ್ನಲು ಬಲವಾದ ಕಾರಣವಿದ್ದರೆ ಮಾತ್ರ ಅದನ್ನು ನಿರಾಕರಿಸಬಹುದು. ನಿರಾಕರಿಸಿದರೆ ವಿಚಾರಣೆ ಮುಗಿಯುವವರೆಗೆ ಮಗು ವೀಕ್ಷಣಾಲಯದಲ್ಲಿರುತ್ತದೆ. ಬೆಂಗಳೂರಿನ ಬಾಲಕರ ಸರ್ಕಾರಿ ವೀಕ್ಷಣಾಲಯ ಹೊಸೂರು ರಸ್ತೆಯಲ್ಲಿದೆ. ಚಿಕ್ಕಜಾಲದ ಕೂಲಿ ಕುಟುಂಬಕ್ಕೆ ಅದು ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟುವ ಪ್ರಯಾಣ. ಮಗನ ಮುಖ ನೋಡಲು ಒಂದು ದಿನದ ಕೂಲಿ ಬಿಡಬೇಕು.

ಈ ಹಂತದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದ ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿ. ಮನೆಯ ಸ್ಥಿತಿ, ಓದು, ಗೆಳೆಯರು, ದುಡಿಮೆ, ಆರೋಗ್ಯ, ವ್ಯಸನ, ಹಿಂಸೆಯ ಅನುಭವ, ಅಕ್ಕಪಕ್ಕದವರ ಮಾತು ಎಲ್ಲವನ್ನೂ ವಿಚಾರಿಸಿ ಎರಡು ವಾರದಲ್ಲಿ ಸಲ್ಲಿಸಬೇಕು. ಮಂಡಳಿಯ ಆದೇಶ, ಮಗುವಿಗೆ ರೂಪಿಸುವ ವೈಯಕ್ತಿಕ ಪಾಲನಾ ಯೋಜನೆ ಎರಡಕ್ಕೂ ಇದೇ ಆಧಾರ. ಶಾಲೆಯ ಮೇಷ್ಟರು, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು ಮನಸ್ಸಿಟ್ಟು ಮಾತನಾಡಿದರೆ ವರದಿಗೆ ಜೀವ ಬರುತ್ತದೆ. ‘ಅವನ ಸುದ್ದಿ ನಮಗೆ ಬೇಡ’ ಎಂದರೆ ಮಗು ಅರ್ಧ ಸೋತಂತೆಯೇ. ವಕೀಲರನ್ನು ಇಟ್ಟುಕೊಳ್ಳಲಾಗದ ಕುಟುಂಬಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ.

ಕಾರ್ಯಕ್ರಮಗಳ ಬಗೆಗಳು

ಪರಿವೀಕ್ಷಣೆ: ಮಗುವನ್ನು ಮನೆಯಲ್ಲೇ ಬಿಟ್ಟು ನಿಯಮಿತವಾಗಿ ಭೇಟಿ ಮಾಡುತ್ತ ಹಾದಿ ತೋರುವ ಈ ಪದ್ಧತಿಯ ಮೂಲವನ್ನು 1841ರಲ್ಲಿ ಬಾಸ್ಟನ್ನಿನ ಜಾನ್ ಅಗಸ್ಟಸ್ ಎಂಬ ಚಮ್ಮಾರ ನ್ಯಾಯಾಲಯದಲ್ಲಿ ಆರೋಪಿಯೊಬ್ಬನಿಗೆ ಹೊಣೆ ನಿಂತ ಘಟನೆಯಲ್ಲಿ ಗುರುತಿಸುತ್ತಾರೆ. ಇಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಪರಿವೀಕ್ಷಣಾಧಿಕಾರಿಗಳು ಈ ಹೊಣೆ ಹೊರುತ್ತಾರೆ. ಭೇಟಿ ಬರೀ ಹಾಜರಿ ಹಾಕುವ ಶಾಸ್ತ್ರವಾದರೆ ಫಲವಿಲ್ಲ. ಹುಡುಗ ಮತ್ತೆ ಶಾಲೆಗೆ ಸೇರಿದನೇ, ಅಪ್ಪನ ಕುಡಿತ ನಿಂತಿದೆಯೇ, ಹಳೆಯ ಗುಂಪು ಮತ್ತೆ ಕರೆಯುತ್ತಿದೆಯೇ ಎಂದು ಬಲ್ಲವರು ಬೇಕು.

ಸಮುದಾಯ ಸೇವೆ: 14 ವರ್ಷ ದಾಟಿದವರಿಗೆ ಮಾತ್ರ. ಉದ್ಯಾನ ನೋಡಿಕೊಳ್ಳುವುದು, ವೃದ್ಧರ ಸೇವೆ, ಆಸ್ಪತ್ರೆಯಲ್ಲಿ ನೆರವು, ಅಂಗವಿಕಲ ಮಕ್ಕಳಿಗೆ ಸಹಾಯ, ಸಂಚಾರ ಸ್ವಯಂಸೇವೆ ಇವನ್ನು ನಿಯಮಗಳೇ ಉದಾಹರಿಸುತ್ತವೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನ ಕಾರು ಇಬ್ಬರ ಪ್ರಾಣ ತೆಗೆದಾಗ, 300 ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಜಾಮೀನು ಸಿಕ್ಕಿತೆಂಬ ಸುದ್ದಿ ದೇಶದಲ್ಲೆಲ್ಲ ಸಿಟ್ಟು ಹುಟ್ಟಿಸಿತು. ಸೇವೆ ಎಂಬುದು ಮಾಡಿದ ಹಾನಿಗೆ ಎದುರು ನಿಲ್ಲುವ, ಹೊಣೆ ಕಲಿಸುವ ಶ್ರಮವಾಗಿರಬೇಕು. ಅದು ಅವಮಾನವೂ ಆಗಬಾರದು, ಕಣ್ಣೊರೆಸುವ ತಂತ್ರವೂ ಆಗಬಾರದು. ಯಾವ ಆಸ್ಪತ್ರೆ, ಯಾವ ಗ್ರಂಥಾಲಯ, ಯಾವ ವೃದ್ಧಾಶ್ರಮ ಇಂಥ ಮಕ್ಕಳನ್ನು ಗೌರವದಿಂದ ಸೇರಿಸಿಕೊಳ್ಳಲು ಸಿದ್ಧ ಎಂಬ ಪಟ್ಟಿ ಮೊದಲೇ ಇದ್ದರಷ್ಟೇ ಮಂಡಳಿಗೆ ಸರಿಯಾದ ಆದೇಶ ಸಾಧ್ಯ.

ಮಾನಸಿಕ ಆರೋಗ್ಯ ಮತ್ತು ವ್ಯಸನಮುಕ್ತಿ: ಈ ಕ್ಷೇತ್ರದಲ್ಲಿ ಬೆಂಗಳೂರಿಗೆ ದೇಶದ ಬೇರೆ ನಗರಗಳಿಗಿಲ್ಲದ ಬಲವಿದೆ. ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗ 2014ರಿಂದ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೆರವಿನಲ್ಲಿ ಸಮುದಾಯ ಯೋಜನೆಯೊಂದನ್ನು ನಡೆಸಿ, ವೀಕ್ಷಣಾಲಯದ ಮಕ್ಕಳ ಜೊತೆಗೂ ಕೆಲಸ ಮಾಡಿತು. ಆ ಅನುಭವವೇ 2020ರಲ್ಲಿ ‘ಸಂವಾದ್’ ಎಂಬ ರಾಷ್ಟ್ರಮಟ್ಟದ ಉಪಕ್ರಮವಾಗಿ ಬೆಳೆಯಿತು. ದೇಶದ ಹಲವೆಡೆ ಮಂಡಳಿಯ ಸದಸ್ಯರು, ಗೃಹಗಳ ಸಿಬ್ಬಂದಿ, ಪೊಲೀಸರಿಗೆ ಅದು ತರಬೇತಿ ನೀಡುತ್ತಿದೆ. ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಇಲಾಖೆಯ ‘ಯುವ ಸ್ಪಂದನ’ ಎಲ್ಲ ಜಿಲ್ಲೆಗಳಲ್ಲಿ ಯುವಜನರಿಗೆ ಆಪ್ತಸಮಾಲೋಚನೆ ಒದಗಿಸುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಗಾಂಜಾ, ಸಲ್ಯೂಷನ್, ಮದ್ಯಗಳ ಅಭ್ಯಾಸವಿರುವ ಹುಡುಗನಿಗೆ ವಯಸ್ಕರ ವ್ಯಸನಮುಕ್ತಿ ಕೇಂದ್ರ ಸರಿಹೊಂದದು. ಹದಿಹರೆಯಕ್ಕೆಂದೇ ಇರುವ ಚಿಕಿತ್ಸೆ ಮತ್ತು ಮನೆಯವರ ಭಾಗವಹಿಸುವಿಕೆ ಬೇಕು.

ಓದು ಮತ್ತು ಕಸುಬು: ಶಾಲೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತು, ಹನ್ನೆರಡನೇ ತರಗತಿಯ ಪರೀಕ್ಷೆ ಕಟ್ಟುವ ದಾರಿಯಿದೆ. ಐಟಿಐಗಳು, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಕಸುಬಿನ ಹಾದಿ ತೆರೆಯುತ್ತವೆ. ವಿಮಾನ ನಿಲ್ದಾಣದ ಸುತ್ತಲಿನ ಹೋಟೆಲು, ಸರಕು ಸಾಗಣೆ, ವಾಹನ ದುರಸ್ತಿಯ ಉದ್ಯಮಗಳು ಸ್ಥಳೀಯ ಹುಡುಗರಿಗೆ ದುಡಿಮೆ ಕೊಡಬಲ್ಲವು. 24ನೇ ಕಲಂ ಕೊಟ್ಟಿರುವ ರಕ್ಷಣೆಯನ್ನು ಆ ಉದ್ಯಮಗಳ ನೇಮಕಾತಿ ವಿಭಾಗಗಳಿಗೆ ತಿಳಿಸಿ ಹೇಳುವುದೂ ಒಂದು ಕಾರ್ಯಕ್ರಮವೇ.

ಸಂಬಂಧ ಬೆಸೆಯುವ ವೃತ್ತಗಳು: ನೊಂದವರು, ನೋವು ಕೊಟ್ಟವರು, ಇಬ್ಬರ ಮನೆಯವರು ನುರಿತವರ ನೆರವಿನಲ್ಲಿ ಸುತ್ತ ಕುಳಿತು ಮಾತನಾಡುವ ಕ್ರಮ ಇದು. ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾದ ಎನ್‌ಫೋಲ್ಡ್ ಟ್ರಸ್ಟ್ ಇಂಥ ಪದ್ಧತಿಗಳನ್ನು ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಬಳಕೆಗೆ ತರಲು ದುಡಿಯುತ್ತಿದೆ. ಹಳ್ಳಿಯ ಪಂಚಾಯಿತಿ ಕಟ್ಟೆಗೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ಯಾರೂ ತೀರ್ಪು ಕೊಡುವುದಿಲ್ಲ, ಯಾರ ಮೇಲೂ ಒತ್ತಡ ಹೇರುವುದಿಲ್ಲ, ನೊಂದವರ ಒಪ್ಪಿಗೆ ಇಲ್ಲದೆ ಮಾತು ಆರಂಭವಾಗುವುದೇ ಇಲ್ಲ.

ಅನುಪಾಲನೆ: 18 ತುಂಬಿ ಗೃಹದಿಂದ ಹೊರಬರುವವರಿಗೆ 46ನೇ ಕಲಂ ಆರ್ಥಿಕ ನೆರವಿನ ಅವಕಾಶ ಕೊಟ್ಟಿದೆ. 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ವಸತಿ, ಓದು, ಉದ್ಯೋಗಕ್ಕೆ ಸಹಾಯ ಸಿಗಬಹುದು. ಕೇಂದ್ರದ ‘ಮಿಷನ್ ವಾತ್ಸಲ್ಯ’ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಬಾಡಿಗೆ ಏರುತ್ತಲೇ ಇರುವ ಉತ್ತರ ಬೆಂಗಳೂರಿನಲ್ಲಿ ಈ ಹಣಕ್ಕೆ ಒಂದು ಕೋಣೆ ಸಿಗುವುದೂ ಕಷ್ಟ. ಆದ್ದರಿಂದ ಹಣದಷ್ಟೇ ಮುಖ್ಯವಾದುದು ಕೆಲಸ ಕೊಡಿಸುವ, ಕಷ್ಟ ಬಂದಾಗ ಕರೆ ಮಾಡಬಹುದಾದ ಒಬ್ಬ ಹಿರಿಯರ ಇರುವಿಕೆ.

ಬೆಂಗಳೂರಿನ ಸಂಸ್ಥೆಗಳು

ಬೀದಿಯ ಮಕ್ಕಳ ಜೊತೆ ಕೆಲಸ ಮಾಡಿದ ಸಂಸ್ಥೆಗಳಿಂದಲೇ ಬೆಂಗಳೂರಿನ ಈ ಪರಂಪರೆ ಬೆಳೆದಿದೆ. 1980ರಲ್ಲಿ ಡಾನ್ ಬಾಸ್ಕೊ ಸಭೆಯ ವಿದ್ಯಾರ್ಥಿಗಳು ಆರಂಭಿಸಿದ ‘ಬೆಂಗಳೂರು ಓಣಿಯವರ ಸೇವಾ ಕೂಟ’, ಅಂದರೆ ಬಾಸ್ಕೊ, ರೈಲು ಮತ್ತು ಬಸ್ ನಿಲ್ದಾಣಗಳಲ್ಲಿ ಅಲೆಯುವ ಮಕ್ಕಳನ್ನು ಮಾತನಾಡಿಸುತ್ತ ಬೆಳೆಯಿತು. 1981ರಲ್ಲಿ ಹುಟ್ಟಿದ ಅಪ್ಸಾ ಕೊಳೆಗೇರಿಯ ಮಕ್ಕಳ ನಡುವೆ ದುಡಿಯಿತು. ದುಡಿಯುವ ಮಕ್ಕಳ ಸಂಘಟನೆಯಲ್ಲಿ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಮತ್ತು ಅದರ ಬೆಂಬಲದಲ್ಲಿ 1990ರಲ್ಲಿ ರೂಪುಗೊಂಡ ಭೀಮ ಸಂಘ ಹೆಸರಾದವು. ಮಕ್ಕಳ ಮಾತಿಗೆ ಸ್ಥಳೀಯ ಆಡಳಿತ ಕಿವಿಗೊಡಬೇಕು ಎಂಬ ಅವರ ಒತ್ತಾಯ ರಾಜ್ಯದ ‘ಮಕ್ಕಳ ಗ್ರಾಮ ಸಭೆ’ಗಳಿಗೆ ದಾರಿ ಮಾಡಿತು. ಕಾನೂನಿನ ಸಂಘರ್ಷಕ್ಕೆ ಸಿಲುಕಿದ ಮಕ್ಕಳಿಗೆಂದೇ ‘ಎಕೊ’ ಎಂಬ ಬಾಲನ್ಯಾಯ ಕೇಂದ್ರವನ್ನು ಕಟ್ಟಿದ ಫಾದರ್ ಆಂಟನಿ ಸೆಬಾಸ್ಟಿಯನ್ ಮುಂದೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಅಧ್ಯಕ್ಷರಾದರು.

ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳ ಮತ್ತು ಕಾನೂನು ಕೇಂದ್ರ ಬಾಲನ್ಯಾಯದ ಜಾರಿಯನ್ನು ಅಧ್ಯಯನ ಮಾಡಿ, ಮಂಡಳಿಗಳ ಜೊತೆಗೂ ಕೆಲಸ ಮಾಡಿದೆ. 1999ರಲ್ಲಿ ಆರಂಭವಾದ ‘ಡ್ರೀಮ್ ಎ ಡ್ರೀಮ್’ ಕಷ್ಟದ ಹಿನ್ನೆಲೆಯ ಮಕ್ಕಳಿಗೆ ಆಟ ಮತ್ತು ಕಲೆಯ ಮೂಲಕ ಜೀವನ ಕೌಶಲ ಕಲಿಸುತ್ತದೆ. ತೊಂದರೆಯಲ್ಲಿರುವ ಯಾವ ಮಗುವಿಗಾದರೂ 1098 ಸಹಾಯವಾಣಿ ತೆರೆದಿದೆ.

ಹೊರನಾಡಿನ ಮಾದರಿಗಳು

ಸ್ಕಾಟ್ಲೆಂಡಿನಲ್ಲಿ 1964ರ ಕಿಲ್‌ಬ್ರಾಂಡನ್ ಸಮಿತಿಯ ಶಿಫಾರಸಿನಂತೆ 1971ರಿಂದ ಮಕ್ಕಳ ಆಲಿಕೆ ಮಂಡಳಿಗಳು ನಡೆಯುತ್ತಿವೆ. ಅಲ್ಲಿ ಊರಿನ ತರಬೇತಿ ಪಡೆದ ಸ್ವಯಂಸೇವಕರೇ ಕುಟುಂಬದೊಂದಿಗೆ ಕುಳಿತು ಮಗುವಿಗೆ ಏನು ಬೇಕೆಂದು ತೀರ್ಮಾನಿಸುತ್ತಾರೆ. ತಪ್ಪು ಮಾಡಿದ ಮಗುವಿಗೂ ನಿರ್ಲಕ್ಷ್ಯಕ್ಕೊಳಗಾದ ಮಗುವಿಗೂ ಬೇಕಿರುವುದು ಹೆಚ್ಚುಕಡಿಮೆ ಒಂದೇ ಎಂಬುದು ಆ ಸಮಿತಿಯ ಮುಖ್ಯ ತಿಳಿವಳಿಕೆ. ನ್ಯೂಜಿಲೆಂಡಿನ 1989ರ ಕಾಯ್ದೆ ಮಾವೊರಿ ಸಮುದಾಯದ ಪದ್ಧತಿಯಿಂದ ಪ್ರೇರಣೆ ಪಡೆದು ‘ಕುಟುಂಬ ಗುಂಪು ಸಭೆ’ಯನ್ನು ಬಾಲನ್ಯಾಯದ ನಡುವಿಗೆ ತಂದಿತು. ವಿಶ್ವಸಂಸ್ಥೆಯ 1985ರ ಬೀಜಿಂಗ್ ನಿಯಮಗಳು, 1990ರ ರಿಯಾದ್ ಮಾರ್ಗಸೂಚಿಗಳು ಇದೇ ದಾರಿಯನ್ನು ಜಗತ್ತಿಗೆಲ್ಲ ಸೂಚಿಸಿದವು. ಭಾರತದ ಮಂಡಳಿಯಲ್ಲಿ ಸಾಮಾಜಿಕ ಕಾರ್ಯಕರ್ತರಿಗೆ ಸ್ಥಾನ ಕೊಟ್ಟಿರುವುದೂ ಇದೇ ತಿಳಿವಳಿಕೆಗೆ ಹತ್ತಿರದ್ದು.

ಕೊರತೆಗಳು

ಬಾಲನ್ಯಾಯ ಕಾಯ್ದೆಯ ಜಾರಿಯ ಕುರಿತ ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ 2018ರ ಫೆಬ್ರುವರಿ 9ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಖಾಲಿ ಹುದ್ದೆಗಳನ್ನು ತುಂಬುವಂತೆ, ಮಂಡಳಿಗಳು ನಿಯಮಿತವಾಗಿ ಸೇರುವಂತೆ ರಾಜ್ಯಗಳಿಗೆ ಸೂಚಿಸಿತು. ಇಂಡಿಯಾ ಜಸ್ಟಿಸ್ ರಿಪೋರ್ಟ್ ತಂಡ ಕಲೆಹಾಕಿದ ಮಾಹಿತಿಯ ಪ್ರಕಾರ 2023ರ ಅಕ್ಟೋಬರ್ 31ರ ಹೊತ್ತಿಗೆ 362 ಮಂಡಳಿಗಳ ಮುಂದಿದ್ದ 1,00,904 ಪ್ರಕರಣಗಳಲ್ಲಿ ಶೇ 55ರಷ್ಟು ಬಾಕಿ ಇದ್ದವು. ಕರ್ನಾಟಕದಲ್ಲಿ ಬಾಕಿಯ ಪ್ರಮಾಣ ಶೇ 35. ಬೇರೆ ರಾಜ್ಯಗಳಿಗಿಂತ ಉತ್ತಮ. ಆದರೂ ಹದಿನಾರರ ಹುಡುಗನ ಪಾಲಿಗೆ ಬಾಕಿ ಉಳಿದ ಒಂದು ವರ್ಷ ಎಂದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯೋ ಐಟಿಐ ಸೀಟೋ ಕೈತಪ್ಪಿದ ವರ್ಷ.

ಘೋರ ಅಪರಾಧದ ಪ್ರಕರಣಗಳಲ್ಲಿ ಮಗುವಿನ ಮಾನಸಿಕ ಸಾಮರ್ಥ್ಯವನ್ನು ಅಳೆಯುವ ಪ್ರಾಥಮಿಕ ಮೌಲ್ಯಮಾಪನ ಸೂಕ್ಷ್ಮವಾದ ಕೆಲಸ. ಮಂಡಳಿಯಲ್ಲಿ ಮನಶ್ಶಾಸ್ತ್ರ ಬಲ್ಲ ಸದಸ್ಯರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿತು. ಇನ್ನೊಂದು ಜಟಿಲ ವಿಷಯ ಹದಿಹರೆಯದ ಪ್ರೇಮ. ಹದಿನಾರು-ಹದಿನೇಳರ ಹುಡುಗ ಹುಡುಗಿ ಪರಸ್ಪರ ಇಷ್ಟಪಟ್ಟು ಮನೆ ಬಿಟ್ಟು ಹೋದಾಗ ಹುಡುಗನ ಮೇಲೆ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ) ಪ್ರಕರಣ ದಾಖಲಾಗುತ್ತದೆ. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಚಿಂತನೆ ಅಗತ್ಯವೆಂದು ಹೇಳಿ, ಒಂಬತ್ತನೇ ತರಗತಿಯಿಂದಲೇ ಈ ಕಾನೂನಿನ ತಿಳಿವಳಿಕೆ ನೀಡುವಂತೆ ಸೂಚಿಸಿತು.

ಇವೆಲ್ಲಕ್ಕಿಂತ ಕಠಿಣವಾದ ಕೊರತೆ ಊರಿನ ಮನಸ್ಸಿನದು. ಠಾಣೆ ಮೆಟ್ಟಿಲು ಹತ್ತಿದ ಹುಡುಗನಿಗೆ ಶಾಲೆ ವರ್ಗಾವಣೆ ಪತ್ರ ಕೊಟ್ಟು ಕಳಿಸುತ್ತದೆ, ಮನೆ ಮಾಲೀಕ ಕುಟುಂಬವನ್ನೇ ಖಾಲಿ ಮಾಡಿಸುತ್ತಾನೆ, ಏರಿಯಾದಲ್ಲಿ ಕಳವಾದಾಗಲೆಲ್ಲ ಮೊದಲು ಅವನ ಮನೆಯ ಬಾಗಿಲು ತಟ್ಟುತ್ತಾರೆ. ಎಲ್ಲರೂ ಕೈಬಿಟ್ಟ ಹುಡುಗನನ್ನು ಕೈಹಿಡಿಯುವುದು ಅವನನ್ನು ಮೊದಲು ಹಾಳು ಮಾಡಿದ ಗುಂಪೇ.

ಊರು ವಹಿಸಬೇಕಾದ ಪಾತ್ರ

ಚಿಕ್ಕಜಾಲದಂಥ ಕಡೆ ಬೇಕಾದ ಹಲವು ಕೊಂಡಿಗಳು ಈಗಾಗಲೇ ಇವೆ. ಅವು ಒಂದಕ್ಕೊಂದು ಕೂಡಿಕೊಂಡಿಲ್ಲ. ಗ್ರಾಮ ಪಂಚಾಯಿತಿಗಳು 2006ರಿಂದ ಮಕ್ಕಳ ಗ್ರಾಮ ಸಭೆ ನಡೆಸುತ್ತಿವೆ. ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, ಮಿಷನ್ ವಾತ್ಸಲ್ಯದಲ್ಲಿ ಹಳ್ಳಿ ಮಟ್ಟದ ಮಕ್ಕಳ ರಕ್ಷಣಾ ಸಮಿತಿಗೆ ಅವಕಾಶವಿದೆ. ಶಾಲೆ ಬಿಟ್ಟವರ ಪಟ್ಟಿಯನ್ನು ಸಮಿತಿ ಪ್ರತಿ ತಿಂಗಳು ನೋಡಿದರೆ, ಹುಡುಗ ಠಾಣೆಗೆ ಹೋಗುವ ಮೊದಲೇ ಅವನ ಮನೆಗೆ ಯಾರಾದರೂ ಹೋಗಿ ಬರಬಹುದು. ಶೆಡ್ಡುಗಳಲ್ಲಿರುವ ವಲಸೆ ಕುಟುಂಬಗಳ ಮಕ್ಕಳನ್ನೂ ಆ ಪಟ್ಟಿಗೆ ಸೇರಿಸಬೇಕು. ಊರಿನವರಲ್ಲ ಎಂಬ ಕಾರಣಕ್ಕೆ ಮೊದಲು ಬಿಟ್ಟುಹೋಗುವವರು ಅವರೇ.

ಹೋಬಳಿಗೊಂದು ಸೇವಾ ಸ್ಥಳಗಳ ಪಟ್ಟಿ, ಮಂಡಳಿಗೆ ಹೋಗುವ ದಿನ ಕುಟುಂಬಕ್ಕೆ ಬಸ್ಸಿನ ಖರ್ಚು, ಸಂಜೆ ಹೊತ್ತಿನ ಆಟದ ಮೈದಾನ, ಮುಕ್ತ ಶಾಲೆಯ ಪರೀಕ್ಷೆಗೆ ಪಾಠ ಹೇಳುವ ನಿವೃತ್ತ ಮೇಷ್ಟರು, ಕಸುಬು ಕಲಿಸಲು ಒಪ್ಪುವ ಗ್ಯಾರೇಜು: ಇವಕ್ಕೆ ಹೊಸ ಕಾನೂನು ಬೇಡ, ದೊಡ್ಡ ಅನುದಾನವೂ ಬೇಡ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, ಪರಿವೀಕ್ಷಣಾಧಿಕಾರಿ, ಮುಖ್ಯೋಪಾಧ್ಯಾಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮೂರು ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಸೇರಿದರೆ ಬಹಳಷ್ಟು ಕೆಲಸ ಸಾಗುತ್ತದೆ. ಇದೆಲ್ಲ ನಡೆಯುವಾಗ ಮಗುವಿನ ಹೆಸರು ಆ ಮೇಜಿನಾಚೆ ಹೋಗಬಾರದು. ಬಾಲನ್ಯಾಯ ಕಾಯ್ದೆ ಹದಿನೆಂಟು ತುಂಬದ ಪ್ರತಿಯೊಬ್ಬರಿಗೂ ಹೊಸದಾಗಿ ಬದುಕು ಆರಂಭಿಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕನ್ನು ಮಂಡಳಿ ಆದೇಶದಲ್ಲಿ ಬರೆಯಬಲ್ಲದು. ಅದನ್ನು ದಿನದಿನವೂ ನಡೆಸಿಕೊಡಬೇಕಾದವರು ಆ ಮಗುವಿನ ಊರಿನವರು.